ಕೆರೆ ದಂಡೆಯಲ್ಲಿ ಸತ್ತ ಮಶೀನು

ಸದ್ದು ನಿಂತರೆ ಜನರಿಗೆ ನೆಮ್ಮದಿಯಾಗುತ್ತದಂತೆ. ಹಾಗಂತ ಯಾರಾದರೊಬ್ಬರು ದಿನಾ ಹೇಳುತ್ತಲೇ ಇರುತ್ತಾರೆ. ನನಗೆ ಮಾತ್ರ ಸದ್ದು ನಿಂತಿತೆಂದರೆ ಎದೆ ಡವಡವ ಅನ್ನತೊಡಗುತ್ತದೆ, ಕೈ ತಾನಾಗಿ ಜೇಬಿನಲ್ಲಿರುವ ಟೆಸ್ಟರನ್ನು ಹುಡುಕುತ್ತದೆ. ಇದು ರೋಗವಲ್ಲ, ಕಸುಬು. ನಿಪ್ಪಾಣಿಯಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿಯಿದೆ. ಮೀಸೆ ಮೂಡಿದಾಗಿನಿಂದ ಮದುವೆ, ಉರುಸು, ಗಣಪತಿ, ಸಕ್ಕರೆ ಕಾರ್ಖಾನೆಯ ಚುನಾವಣೆ ಎಲ್ಲಕ್ಕೂ ಭೋಂಗಾ, ಅಂದರೆ ಲೌಡ್‌ಸ್ಪೀಕರು, ಕಟ್ಟುತ್ತ ಬಂದಿದ್ದೇನೆ. ಊರಲ್ಲಿ ನನ್ನನ್ನು ಮೈಕ್ ಮೌಲಾಸಾಬ ಅನ್ನುತ್ತಾರೆ. ಮೈಕು ಸರಿಯಾಗಿ ನಡೆಯುವಷ್ಟು ಹೊತ್ತು ನಾನೊಬ್ಬ ಇದ್ದೇನೆಂಬುದು ಯಾರಿಗೂ ನೆನಪಿರುವುದಿಲ್ಲ. ಅದು ನಿಂತ ಕ್ಷಣ ಇಡೀ ಪೆಂಡಾಲು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತದೆ. ಬೇಡಕಿಹಾಳದ ಒಂದು ಸತ್ಕಾರ ಸಮಾರಂಭದಲ್ಲಿ ಪುಢಾರಿಯೊಬ್ಬರು ಭಾಷಣ ಮಾಡುವಾಗ ಮೈಕು ಹೋಗಿ, ಅವರು ಅದನ್ನರಿಯದೆ ಬಹಳ ಹೊತ್ತು ಬಾಯಿ ಆಡಿಸಿದರು. ಜನ ಅವತ್ತು ಚಪ್ಪಾಳೆ ತಟ್ಟಿದಷ್ಟು ಅವರ ಯಾವ ಭಾಷಣಕ್ಕೂ ತಟ್ಟಿರಲಿಲ್ಲ. ಬೈಸಿಕೊಂಡವನು ಮಾತ್ರ ನಾನು.

ಈ ಕಸುಬಿನಿಂದ ನನ್ನ ದನಿಯೂ ಭೋಂಗಾದ ಹಾಗೇ ಆಗಿದೆ ಎಂಬುದು ಮನೆಯವರ ತಕರಾರು. ಕಬ್ಬೂರಿಗೆ ಹೆಣ್ಣು ನೋಡಲು ಹೋದಾಗ ನಾನು ಒಂದು ಲೋಟ ನೀರು ಕೇಳಿದೆನಂತೆ, ಪಕ್ಕದ ಮನೆಯವರೂ ಒಂದು ತಂಬಿಗೆ ತಂದುಕೊಟ್ಟರಂತೆ. ಇದು ನನ್ನ ಹೆಂಡತಿ ಜೈತುನ ಹೇಳುವ ಕಥೆ. ಅವಳು ಈಗಲೂ ನಾನು ಬಾಯಿ ತೆರೆದ ಕೂಡಲೇ, "ನಾ ಬಾಜೂಕ ಅದೀನ್ರಿ, ಬೆಳಗಾಂವ್ಯಾಗ ಇಲ್ಲ" ಅನ್ನುತ್ತಾಳೆ. ನಾನು ಮೆತ್ತಗೆ ಮಾತಾಡಲು ನೋಡಿದ್ದೇನೆ. ಆಗ ಅವಳು ಓಡಿಬಂದು ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡುತ್ತಾಳೆ.

ಮುಂದಿನದು ನಿಮಗೆ ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ಕಾಯಿದೆ ಹೇಳಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಲ್ಲ ಮೈಕಿನವರೂ ಪಾಲಿಸುತ್ತಾರೆ. ಯಾರದೇ ಕಾರ್ಯಕ್ರಮವಿರಲಿ, ಯಾರದೇ ಸೆಟ್ ಇರಲಿ, ಮೈಕು ಸತ್ತಿತೆಂದರೆ ಅಲ್ಲಿರುವ ಇನ್ನೊಬ್ಬ ಮೈಕಿನವನು ಎದ್ದು ಹೋಗಲೇಬೇಕು. ಅಥಣಿ ತಾಲೂಕಿನ ಅನಂತಪುರದಲ್ಲಿ ಒಂದು ಮದುವೆಗೆ ನಾನು ಸೆಟ್ ಹಚ್ಚಿದ್ದೆ. ಅಕ್ಷತೆ ಮುಗಿದು ಸರಿಯಾಗಿ ಮುಯ್ಯಿ ಓದುವ ಹೊತ್ತಿಗೆ ನನ್ನ ಮಶೀನು, ಅಂದರೆ ಆಂಪ್ಲಿಫೈಯರು, ಹೊಗೆ ಬಿಟ್ಟು ಮಲಗಿತು. ನನಗೂ ಆ ಊರಿನ ಮೈಕಿನವನಿಗೂ ಒಂದು ಉರುಸಿನ ಕರಾರಿನ ವಿಷಯದಲ್ಲಿ ಜಗಳವಾಗಿ ಮಾತು ಬಿಟ್ಟುಹೋಗಿತ್ತು. ಅವನು ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ. ಎಲೆ ಬಿಟ್ಟು ಎದ್ದ, ಮನೆಗೆ ಓಡಿ ತನ್ನ ಮಶೀನು ಹೊತ್ತು ತಂದ, ಎಡಗೈಯಿಂದಲೇ ವಾಯರು ಜೋಡಿಸಿ ಸದ್ದು ಬರಿಸಿದ, ಒಂದು ಮಾತೂ ಆಡದೆ ಹೋಗಿ ಮತ್ತೆ ಊಟಕ್ಕೆ ಕೂತ. ನಾನೂ ಥ್ಯಾಂಕ್ಸ್ ಹೇಳಲಿಲ್ಲ. ನಾವು ಇವತ್ತಿಗೂ ಮಾತಾಡುವುದಿಲ್ಲ. ಜಗಳ ಬೇರೆ, ಮೈಕು ಬೇರೆ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ರೇಷ್ಮಾ ಚಿಕ್ಕೋಡಿಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಾಳೆ. ಬಂದ ಸಂಬಂಧಗಳಿಗೆಲ್ಲ ತಲೆ ಅಲ್ಲಾಡಿಸುತ್ತಿದ್ದವಳು ಇರ್ಫಾನ್ ಎಂಬ ಹುಡುಗನ ಮಾತು ಬಂದಾಗ ಅಲ್ಲಾಡಿಸಲಿಲ್ಲ. ಅವರು ಮೂಲತಃ ಅಥಣಿಯವರು, ಈಗ ಬೆಳಗಾವಿಯಲ್ಲಿದ್ದಾರೆ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದೆ. "ಸೌಂಡ್ ಲೈನಿನ್ಯಾಗ ಅದಾನ" ಎಂದರು. ನನಗೆ ಖುಷಿ ತಡೆಯಲಾಗಲಿಲ್ಲ. ಡಾಕ್ಟರ ಮಗಳಿಗೆ ಡಾಕ್ಟರನೇ ಬೇಕು ಅನ್ನುತ್ತಾರಲ್ಲ, ಮೈಕಿನವನ ಮಗಳಿಗೆ ಮೈಕಿನವನು ಸಿಕ್ಕರೆ ಯಾಕೆ ಬೇಡ? ಎರಡೂ ಮನೆಯ ಉಳಿದ ಹಿರಿಯರು ಒಪ್ಪಿದ ಮೇಲೆ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿದರು, ಮನೆಯವರ ಎದುರು ಭೇಟಿಯಾದರು. ನಾನು ಅವತ್ತು ಒಂದು ಉರುಸಿನ ಕೆಲಸಕ್ಕೆ ಹೋಗಿದ್ದರಿಂದ ಹುಡುಗನನ್ನು ಫೋಟೋದಲ್ಲಷ್ಟೇ ನೋಡಿದ್ದೆ. ಉಳಿದದ್ದು ನನ್ನ ಒಂದು 'ಹೂಂ' ಮಾತ್ರ. ನಾನು ಹೂಂ ಅನ್ನಲು ಒಂದು ಷರತ್ತು ಹಾಕಿದೆ. ಹುಡುಗನ ಮುಖವನ್ನು ಎಲ್ಲರೂ ನೋಡಿದ್ದಾರೆ, ನಾನು ಅವನ ಕೆಲಸ ನೋಡಬೇಕು.

ಇದಕ್ಕೆ ಹೊತ್ತೂ ಕೂಡಿಬಂತು. ಬೇಸಿಗೆ ರಜೆಯಲ್ಲಿ ಬೆಳಗಾವಿಯ ಒಂದು ಕೆರೆಯ ದಂಡೆಯಲ್ಲಿ ಸಂಗೀತದ ಹಬ್ಬ ನಡೆಯುವುದಿತ್ತು. ಅಲ್ಲಿ ಇರ್ಫಾನನೇ ಸೌಂಡಿನ ಮುಖ್ಯಸ್ಥ. ದೊಡ್ಡ ಕಂಪನಿಯೊಂದರಲ್ಲಿ ಅವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ, ಇದು ಚೆನ್ನಾಗಿ ಆದರೆ ನೌಕರಿ ಕಾಯಂ ಆಗುತ್ತದೆಂದು ರೇಷ್ಮಾ ಹೇಳಿದ್ದಳು. ಹೊರಡುವ ಮುನ್ನ ಅವಳು ನನ್ನೆದುರು ನಿಂತು, "ಅಬ್ಬಾ, ನನಗ ಈ ಹುಡುಗ ಪಸಂದ್ ಅದಾನ. ಕೈ ಮುಗಿತೀನಿ, ಅಲ್ಲಿ ಹೋಗಿ ಯಾವ ಮಶೀನೂ ಮುಟ್ಟಬ್ಯಾಡ" ಎಂದಳು. ನಾನು, "ಹುಚ್ಚಿ, ಅವರ ಮಶೀನ್ ನಾ ಯಾಕ ಮುಟ್ಲೆವಾ" ಎಂದು ಮಾತು ಕೊಟ್ಟೆ. ಟೆಂಪೊದಲ್ಲಿ ಹೋಗುವಾಗ ಅವಳು ಇನ್ನೊಮ್ಮೆ ಶುರು ಮಾಡಿದಳು: "ಅಬ್ಬಾ, ಅಲ್ಲಿ ಸೌಂಡ್ ಬ್ಯಾರೆ ನಮೂನಿ ಇರತೈತಿ, ಮೊದಲ..." ನಾನು ಅಲ್ಲಿಗೇ ತಡೆದೆ. "ಸೌಂಡಿನ ಬಗ್ಗೆ ನೀ ನನಗ ಹೇಳ್ತೀಯೇನು?" ಎಂದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಹೆಂಡತಿ, "ಒದರಬ್ಯಾಡ್ರಿ, ಟೆಂಪೊ ಬಿದ್ದೀತು" ಎಂದಳು.

ಕೆರೆಯ ದಂಡೆಗೆ ಮುಟ್ಟಿದಾಗ ಬಿಸಿಲು ಇಳಿದಿತ್ತು, ಸೆಕೆ ಇಳಿದಿರಲಿಲ್ಲ. ಗೇಟಿನಲ್ಲೇ ಮೊದಲ ಆಘಾತ. ಒಬ್ಬ ಹುಡುಗಿ ನಮ್ಮ ಮುಂಗೈಗೆ ಕಾಗದದ ಪಟ್ಟಿ ಕಟ್ಟಿದಳು. ಜೈತುನ ಗಾಬರಿಯಾಗಿ, "ನಮ್ಮನ್ನ ಎಡ್ಮಿಟ್ ಮಾಡ್ಕೊಳ್ಳಾಕತ್ತಾರೇನ್ರಿ?" ಎಂದು ನನ್ನ ತೋಳು ಹಿಡಿದಳು. ಒಳಗೆ ಹೋದರೆ ಕುರ್ಚಿಗಳೇ ಇಲ್ಲ. ಕುರ್ಚಿಯಿಲ್ಲದ ಮೇಲೆ ಮುಂದಿನ ಸಾಲಿಲ್ಲ, ಮುಂದಿನ ಸಾಲಿಲ್ಲದ ಮೇಲೆ ದೊಡ್ಡ ಮನುಷ್ಯರಿಲ್ಲ. ದೊಡ್ಡ ದೊಡ್ಡ ಗಂಡಸರು ಅರ್ಧ ಚಡ್ಡಿ ಹಾಕಿಕೊಂಡು, ಮನೆಯಲ್ಲಿ ಕೂಡ ಮಲಗದ ರೀತಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದಾರೆ. ದೀಪ ಹಚ್ಚುವುದಿಲ್ಲ, ಶಾಲು ಹೊದಿಸುವುದಿಲ್ಲ, ತೆಂಗಿನಕಾಯಿ ಇಲ್ಲ, ಸ್ವಾಗತ ಭಾಷಣವಿಲ್ಲ. ನಾನು ಒಬ್ಬ ಯುವಕನನ್ನು, "ಕಾರ್ಯಕ್ರಮ ಯಾವಾಗ ಸುರು ಆಗತೈತ್ರಿ?" ಎಂದು ಕೇಳಿದೆ. ಅವನು ಮಲಗಿದಲ್ಲಿಂದಲೇ, "ನಡದೈತಲ್ರಿ ಅಂಕಲ್" ಎಂದ. ನಮ್ಮ ಕಡೆ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅರ್ಧ ಜನ ಸ್ವಾಗತ ಕೇಳಿ ಸುಸ್ತಾಗಿ ಮನೆಗೆ ಹೋಗಿರುತ್ತಾರೆ. ಇಲ್ಲಿ ಯಾರೂ ಸ್ವಾಗತಿಸದೆಯೇ ಎಲ್ಲರೂ ಬಂದು ಮಲಗಿದ್ದರು. ನನಗೆ ದಿಕ್ಕೇ ತೋಚಲಿಲ್ಲ.

ನೀರಿನ ಹತ್ತಿರದ ದೊಡ್ಡ ವೇದಿಕೆ ಇರ್ಫಾನನದು. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕಿವಿಗೆ ಹಾಕುವ ದೊಡ್ಡ ದೊಡ್ಡ ಮುಚ್ಚಳಗಳು. ಹೆಡ್‌ಫೋನ್ ನನಗೆ ಗೊತ್ತಿಲ್ಲದ ವಸ್ತುವಲ್ಲ. ನನ್ನ ಅಂಗಡಿಯಲ್ಲೇ ಎರಡಿವೆ, ಎರಡಕ್ಕೂ ಗಟ್ಟಿಯಾದ ವಾಯರಿದೆ. ಮಗಳ ಕಿವಿಯಲ್ಲಿ ಅವರೆಕಾಳಿನಷ್ಟು ದೊಡ್ಡದೊಂದು ಇರುತ್ತದೆ, ಅದೂ ಗೊತ್ತು. ಆದರೆ ಇವಕ್ಕೆ ವಾಯರಿರಲಿಲ್ಲ, ಗಾತ್ರವೂ ಬೇರೆ. ಸಕ್ಕರೆ ಕಾರ್ಖಾನೆಯಲ್ಲಿ ಟರ್ಬೈನಿನ ಹತ್ತಿರ ಕೆಲಸ ಮಾಡುವವರು ಕಿವಿ ಒಡೆಯದಿರಲೆಂದು ಹಾಕಿಕೊಳ್ಳುತ್ತಾರಲ್ಲ, ಥೇಟ್ ಹಾಗೇ ಇದ್ದವು. ಮುಂದೆ ಭಾರೀ ಸೌಂಡ್ ಇರಬೇಕು, ಪೇಟೆಯವರ ಕಿವಿ ತಾಳುವುದಿಲ್ಲ, ಅದಕ್ಕೇ ಈ ವ್ಯವಸ್ಥೆ ಎಂದು ನಾನು ತಿಳಿದೆ. ಹುಡುಗನ ಮೇಲೆ ಅಭಿಮಾನ ಉಕ್ಕಿಬಂತು. ಮೇಜಿನ ಹಿಂದಿದ್ದವಳು ನನಗೂ ಒಂದು ಕೊಡಲು ಬಂದಳು. "ಬ್ಯಾಡವಾ. ಸದ್ದಿಗೆ ಅಂಜಾವ ನಾ ಅಲ್ಲ" ಎಂದು ಎದೆ ಸೆಟೆಸಿ ಮುಂದೆ ನಡೆದೆ. ಜೈತುನ, ರೇಷ್ಮಾ ಇಬ್ಬರೂ ಹಿಂದೆ ಕುಲ್ಫಿ ಗಾಡಿಯ ಹತ್ತಿರ ನಿಂತಿದ್ದರು.

ವೇದಿಕೆಯ ಮುಂದೆ ಬಂದವನು ನಿಂತಲ್ಲೇ ನಿಂತೆ. ಜಾತ್ರೆಯಷ್ಟು ಜನ. ಎಲ್ಲರೂ ಕುಣಿಯುತ್ತಿದ್ದಾರೆ, ಕೈ ಎತ್ತಿ ಜಿಗಿಯುತ್ತಿದ್ದಾರೆ. ಸದ್ದು? ಇಲ್ಲ! ಹುಲ್ಲಿನ ಮೇಲೆ ಕಾಲು ಬೀಳುವ ದಪದಪ, ದಂಡೆಗೆ ನೀರು ಬಡಿಯುವ ಚಳಚಳ, ಅಷ್ಟೇ. ವೇದಿಕೆಯ ಮೇಲೆ ಒಬ್ಬ ಹೆಣ್ಣುಮಗಳು ಮೈಕು ಬಾಯಿಗೆ ಹಿಡಿದು, ಕುತ್ತಿಗೆಯ ನರ ಉಬ್ಬಿಸಿ ಹಾಡುತ್ತಿದ್ದಾಳೆ, ನನ್ನ ತನಕ ಬರುವುದು ಸೊಳ್ಳೆಯ ದನಿ. ಪಕ್ಕದವರು ಗಿಟಾರು ಬಾರಿಸುತ್ತಿದ್ದಾರೆ, ಅದು ಕಟ್ಟಿಗೆ ಕೆರೆದಂತೆ ಕೇಳುತ್ತಿದೆ. ಒಂದು ಮೂಲೆಯಲ್ಲಿ ಇರ್ಫಾನ್, ಫೋಟೋದಲ್ಲಿದ್ದ ಅದೇ ಹುಡುಗ, ಕಿವಿ ಮುಚ್ಚಿಕೊಂಡು ಮಶೀನಿನ ಬಟನ್ ತಿರುವುತ್ತಿದ್ದಾನೆ. ಯಾ ಅಲ್ಲಾ! ಮಶೀನು ಸತ್ತಿದೆ. ಕಿವಿ ಮುಚ್ಚಿಕೊಂಡದ್ದರಿಂದ ಅವನಿಗೆ ಗೊತ್ತಾಗಿಲ್ಲ, ಜನರಿಗೂ ಗೊತ್ತಾಗಿಲ್ಲ. ಅಥವಾ ಗೊತ್ತಾಗಿಯೂ ಪಾಪ, ಹುಡುಗನ ಮರ್ಯಾದೆ ಹೋಗಬಾರದೆಂದು ಸುಮ್ಮನೆ ಕುಣಿಯುತ್ತಿದ್ದಾರೋ? ಎಂಥ ಸಂಭಾವಿತ ಜನ ಎಂದು ನನ್ನ ಕಣ್ಣು ತುಂಬಿತು.

ಮಗಳಿಗೆ ಕೊಟ್ಟ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ನೆನಪಾಯಿತು. ಆದರೆ ಅವಳ ಗಂಡನಾಗುವವನ ಮಾನ ಎಲ್ಲರೆದುರು ಹೋಗುತ್ತಿರುವಾಗ, ಅವನ ನೌಕರಿ ನೀರುಪಾಲಾಗುತ್ತಿರುವಾಗ, ಮೈಕ್ ಮೌಲಾಸಾಬ ಕೈ ಕಟ್ಟಿ ನಿಲ್ಲುವುದೆಂದರೇನು? ನಾಳೆ ಅನಂತಪುರದವನ ಮುಖವನ್ನು ಹೇಗೆ ನೋಡಲಿ? ವೇದಿಕೆಯ ಹಿಂದೆ ಹೋದೆ. ಅಲ್ಲಿ ಆಳೆತ್ತರದ ಸ್ಪೀಕರ್ ಡಬ್ಬಿಗಳು, ಹೊಸವು, ಮುದ್ದಾಗಿ ಕೂತಿದ್ದವು. ಅವುಗಳ ವಾಯರು ಬಿಚ್ಚಿ ಕೆಳಗೆ ಬಿದ್ದಿತ್ತು, ಅದರ ತುದಿಗೆ ಯಾರೋ ಕೆಂಪು ಪಟ್ಟಿ ಬೇರೆ ಸುತ್ತಿದ್ದರು. "ಇಷ್ಟ ಐತೇನು!" ಎಂದು ಗಟ್ಟಿಯಾಗಿಯೇ ನಕ್ಕೆ. ಕೆಂಪು ಪಟ್ಟಿ ಹರಿದೆ, ವಾಯರನ್ನು ಅದರ ಜಾಗಕ್ಕೆ ತುರುಕಿದೆ.

ಆಮೇಲಿನದನ್ನು ಹೇಗೆ ಹೇಳಲಿ? ನನ್ನ ಜೀವನದಲ್ಲಿ ಅಂಥ ಸದ್ದು ನಾನು ಹಚ್ಚಿರಲಿಲ್ಲ. ಆ ಹೆಣ್ಣುಮಗಳ ದನಿ ಗುಡುಗಿ ಕೆರೆಯ ಆಚೆ ದಂಡೆಗೆ ಬಡಿದು ವಾಪಸು ಬಂತು. ಅವಳೇ ಹೆದರಿ ಒಂದಡಿ ಹಾರಿದಳು. ಮೈಕು ಕುಂಯ್ ಎಂದು ಸಿಳ್ಳೆ ಹಾಕಿತು. ಗಿಡಗಳಲ್ಲಿ ಮಲಗಲು ಬಂದಿದ್ದ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದು ಆಕಾಶ ತುಂಬಿದವು. ಜನ ಕಿವಿಯ ಮೇಲಿನದನ್ನು ತೆಗೆದು ಬಾಯಿ ತೆರೆದು ನೋಡತೊಡಗಿದರು. ಅದು ಅಚ್ಚರಿ ಎಂದು ನನಗೆ ತಿಳಿಯಲಿಲ್ಲ, ಆನಂದ ಎಂದುಕೊಂಡೆ. ಹುರುಪಿನಲ್ಲಿ ವೇದಿಕೆ ಹತ್ತಿ, ಹಾಡು ನಿಲ್ಲಿಸಿ ನಿಂತಿದ್ದವಳ ಕೈಯಿಂದ ಮೈಕು ತೆಗೆದುಕೊಂಡೆ. ಮೈಕು ಕೈಗೆ ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಹಲೋ, ಹಲೋ. ಆತ್ಮೀಯ ಬಂಧು ಭಗಿನಿಯರೇ, ತಾಂತ್ರಿಕ ಅಡಚಣೆಯಿಂದಾಗಿ ನಿಂತಿದ್ದ ಕಾರ್ಯಕ್ರಮವನ್ನು ಈಗ ಮುಂದುವರಿಸಲಾಗುವುದು. ದಯವಿಟ್ಟು ಯಾರೂ ಹುಡುಗನ ಮೇಲೆ ಬೇಸರ ಮಾಡಿಕೊಳ್ಳಬಾರದು. ಹುಡುಗ ಒಳ್ಳೆಯ ಮನೆತನದವನು, ಮೂಲತಃ ಅಥಣಿಯವನು. ನಾವು ಇಂದು ಹುಡುಗನನ್ನು ನೋಡುವ ಸಲುವಾಗಿಯೇ ನಿಪ್ಪಾಣಿಯಿಂದ ಬಂದಿದ್ದೇವೆ. ಗೇಟಿನ ಎದುರು ಯಾರೂ ಗಾಡಿ ನಿಲ್ಲಿಸಬಾರದಾಗಿ ವಿನಂತಿ."

ಗಾಡಿಯ ಮಾತನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ, ರೂಢಿ. ಅಷ್ಟರಲ್ಲಿ ಸದ್ದು ಕಡಿದುಹೋಯಿತು. ತಿರುಗಿ ನೋಡಿದರೆ ಇರ್ಫಾನ್ ವಾಯರು ಕಿತ್ತು ಹಿಡಿದು ನಿಂತಿದ್ದಾನೆ. ಮುಖ ಬಿಳುಚಿಕೊಂಡಿದೆ. "ಕಾಕಾ, ಏನ್ ಮಾಡಿದ್ರಿ?" ಎಂದ. "ಮಶೀನ್ ಸತ್ತಿತ್ತಪಾ, ಎಬ್ಬಿಸೀನಿ" ಎಂದೆ. ಅವನು ತನ್ನ ಕಿವಿಯದನ್ನು ತೆಗೆದು ನನ್ನ ಕಿವಿಯ ಹತ್ತಿರ ಹಿಡಿದ. ಅದರೊಳಗಿಂದ ಗಿಟಾರು ಕೇಳಿಸಿತು. ವಾಯರಿಲ್ಲದೆ! ಆಮೇಲೆ ಅವನೇ ಬಿಡಿಸಿ ಹೇಳಿದ: ಆಚೆ ದಂಡೆಯ ಮನೆಗಳವರು ಗದ್ದಲ ಬೇಡವೆಂದು ದೂರು ಕೊಟ್ಟಿದ್ದರು, ಭೋಂಗಾ ಹಚ್ಚುವುದಿಲ್ಲವೆಂದು ಬರೆದುಕೊಟ್ಟ ಮೇಲೆಯೇ ಪೊಲೀಸರು ಹಬ್ಬಕ್ಕೆ ಪರವಾನಗಿ ಕೊಟ್ಟಿದ್ದರು. ಅದಕ್ಕೆ ಎಲ್ಲರೂ ಹಾಡನ್ನು ಕಿವಿಯೊಳಗೇ ಕೇಳುವ ಏರ್ಪಾಡು. ಆ ಡಬ್ಬಿಗಳು ಇದ್ದದ್ದು ಬೆಂಕಿ ಗಿಂಕಿ ಬಿದ್ದರೆ ಜನರನ್ನು ಎಚ್ಚರಿಸಲು ಮಾತ್ರ. ಕೆಂಪು ಪಟ್ಟಿ ಕಟ್ಟಿದ್ದು ಮುಟ್ಟಬಾರದೆಂದು. ಅದನ್ನೇ ನಾನು ಹರಿದಿದ್ದೆ.

ಪೊಲೀಸ್ ಸಾಹೇಬರೊಬ್ಬರು ಓಡುತ್ತ ಬಂದರು. "ಭೋಂಗಾ ಹಚ್ಚಿದಾವ್ರು ಯಾರು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇರ್ಫಾನ್, "ನಂದ ತಪ್ಪ್ರಿ ಸಾಹೇಬ್ರ. ಬಿಚ್ಚಿದ ವಾಯರ್ ನಾ ಒಳಗ ಇಡಬೇಕಾಗಿತ್ತು" ಎಂದ. ನನಗೆ ಕಪಾಳಕ್ಕೆ ಹೊಡೆದಂತಾಯಿತು. "ಇಲ್ರಿ ಸಾಹೇಬ್ರ, ತಪ್ಪು ನಂದು. ಹುಡುಗಗ ಏನೂ ಗೊತ್ತಿಲ್ಲ" ಎಂದೆ. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು, "ಮೆಲ್ಲಕ ಹೇಳ್ರಿ" ಎಂದರು. ಕೊನೆಗೆ, ಇನ್ನೊಮ್ಮೆ ಸದ್ದು ಕೇಳಿದರೆ ಹಬ್ಬವನ್ನೇ ಬಂದ್ ಮಾಡುತ್ತೇನೆಂದು ಹೇಳಿ ಹೋದರು. ಹಬ್ಬ ನಡೆಸುವ ಮೇಡಂ ಬಂದು ಇರ್ಫಾನನನ್ನು ಮಶೀನಿನಿಂದ ಎಬ್ಬಿಸಿ ಬೇರೆಯವನನ್ನು ಕೂರಿಸಿದಳು. "ನಿನ್ನ ವಿಷಯ ನಾಳೆ ಮಾತಾಡೋಣ" ಎಂದಳು. ನಾನು ಅವಳ ಹಿಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿ ಕೈ ಮುಗಿದೆ. ಅವಳು ನಗು ತಡೆಯುವಂತೆ ತುಟಿ ಬಿಗಿಹಿಡಿದು ಹೊರಟುಹೋದಳು.

ದಂಡೆಯ ಕಟ್ಟೆಯ ಮೇಲೆ ನಾವು ನಾಲ್ವರೂ ಕೂತೆವು. ರೇಷ್ಮಾಳ ಕೈಯಲ್ಲಿ ಕುಲ್ಫಿ ಕರಗಿ ಮೊಣಕೈ ತನಕ ಇಳಿದಿತ್ತು. "ಏನೂ ಮುಟ್ಟಂಗಿಲ್ಲ ಅಂತ ಮಾತು ಕೊಟ್ಟಿದ್ದಿ ಅಬ್ಬಾ" ಎಂದಳು. ಅಳುತ್ತಿದ್ದಳು. ಅವಳು ಬೈದಿದ್ದರೆ ತಡೆಯುತ್ತಿದ್ದೆ. ಇಡೀ ಊರಿಗೆ ಸದ್ದು ಕೊಟ್ಟವನು ಮಗಳಿಗೆ ಕೊಟ್ಟ ಒಂದೇ ಒಂದು ಮಾತನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂದು ನನಗೂ ಅಳು ಬಂತು. ಈ ಸಂಬಂಧ ಮುರಿಯಿತೆಂದೇ ತಿಳಿದೆ. ಕಟ್ಟಿದ ಮನೆಯನ್ನು ಕೆಡವಲು ಬಂದ ಮಾವ ಯಾರಿಗೆ ಬೇಕು? ಹುಡುಗನ ಕೆಲಸ ನೋಡಲು ಬಂದೆನಲ್ಲ, ಈಗ ಅವನು ನನ್ನ ಕೆಲಸ ನೋಡಿದ್ದ.

ಇರ್ಫಾನ್ ಎದ್ದು ಹೋಗಿ ಒಂದು ಕಿವಿಮುಚ್ಚಳ ತಂದು ನನ್ನ ತಲೆಗೆ ಹಾಕಿದ, ಏನೋ ಬಟನ್ ಒತ್ತಿದ. ನಾನು ಬೆಚ್ಚಿಬಿದ್ದೆ. ಆ ಹೆಣ್ಣುಮಗಳು ನನ್ನ ತಲೆಯೊಳಗೇ ಬಂದು ಕೂತು ಹಾಡುತ್ತಿದ್ದಳು. ಅವಳು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವುದೂ, ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದೂ ಬೇರೆ ಬೇರೆಯಾಗಿ ಕೇಳಿಸಿತು. ನಾನು ಇಷ್ಟು ವರ್ಷ ಹಾಡು ಹಚ್ಚಿದ್ದೇನೆ, ಹಾಡನ್ನು ಕೇಳಿಯೇ ಇರಲಿಲ್ಲ ಅನ್ನಿಸಿತು. ಇಷ್ಟು ಚೊಕ್ಕ ಕೆಲಸ ಮಾಡುವ ಹುಡುಗ, ನನ್ನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡ ಹುಡುಗ, ಇನ್ನು ನೋಡುವುದೇನಿದೆ? ಅವನು ಒಪ್ಪುತ್ತಾನೋ ಬಿಡುತ್ತಾನೋ, ನನ್ನ ಹೂಂ ಅನ್ನು ನಾನು ಈಗಲೇ ಕೊಟ್ಟುಬಿಡಬೇಕೆಂದುಕೊಂಡೆ. ಪೊಲೀಸರ ಮಾತು ನೆನಪಿತ್ತು, ಅದಕ್ಕೇ ಬಹಳ ಮೆತ್ತಗೆ, ಅವನಿಗೊಬ್ಬನಿಗೇ ಕೇಳುವಂತೆ, "ನನಗ ಒಪ್ಪಿಗಿ ಐತಪಾ! ಲಗ್ನ ಮಾಡೂಣು!" ಎಂದೆ.

ಮೆತ್ತಗೆ ಎಂಬುದು ನನ್ನ ಲೆಕ್ಕ. ಕಿವಿ ಮುಚ್ಚಿಕೊಂಡವನಿಗೆ ತನ್ನ ದನಿ ತನಗೆ ಕೇಳುವುದಿಲ್ಲವೆಂಬುದು ಆಗ ತಿಳಿಯಿತು. ಕುಣಿಯುವವರು ನಿಂತು, ಕಿವಿಯದನ್ನು ತೆಗೆದು ನಮ್ಮ ಕಡೆ ತಿರುಗಿದರು. ಆಗಷ್ಟೇ ಗಿಡಕ್ಕೆ ಬಂದು ಕೂತಿದ್ದ ಬೆಳ್ಳಕ್ಕಿಗಳು ಮತ್ತೆ ಎದ್ದವು. ಆಚೆ ದಂಡೆಯ ಒಂದು ಮನೆಯ ಬಾಲ್ಕನಿಯಲ್ಲಿ ದೀಪ ಹತ್ತಿತು. ನಾನು ಗಡಬಡಿಸಿ ಕಿವಿಯದನ್ನು ಕಿತ್ತೆ. ಪೊಲೀಸ್ ಸಾಹೇಬರು ಲಾಠಿ ಹಿಡಿದು ಓಡಿಬರುತ್ತಿದ್ದರು. ಸೀದಾ ವೇದಿಕೆಯ ಹಿಂದೆ ಹೋಗಿ ಡಬ್ಬಿಗಳನ್ನು ತಡವಿ ನೋಡಿದರು, ವಾಯರು ಬಿಚ್ಚಿಯೇ ಇತ್ತು. ತಲೆ ಕೆರೆದುಕೊಳ್ಳುತ್ತ ನಮ್ಮ ಹತ್ತಿರ ಬಂದು ಇರ್ಫಾನನನ್ನು, "ಖರೇ ಹೇಳು, ಇನ್ನೊಂದು ಭೋಂಗಾ ಎಲ್ಲಿ ಇಟ್ಟಿ?" ಎಂದರು.

ಇರ್ಫಾನ್ ನನ್ನನ್ನು ನೋಡಿದ, ರೇಷ್ಮಾಳನ್ನು ನೋಡಿದ. ಅವಳು ಕಣ್ಣೊರೆಸಿಕೊಂಡಳು.

"ಭೋಂಗಾ ಅಲ್ರಿ ಸಾಹೇಬ್ರ," ಎಂದ ಅವನು. "ನಮ್ಮ ಮಾವಾರು."

ನಾನು ಕಿವಿಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತೆ. ಸಾಹೇಬರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಮತ್ತ ಇವರನ್ನ ಬಂದ್ ಮಾಡೋ ಬಟನ್ ಎಲ್ಲಿ ಐತಿ?" ಎಂದರು.

"ಲಗ್ನಾದಾಗಿಂದ ಹುಡುಕಾಕತ್ತೀನ್ರಿ ಸಾಹೇಬ್ರ," ಎಂದಳು ಜೈತುನ. "ನಿಮಗೇನರ ಸಿಕ್ರ ಹೇಳ್ರಿ."